ದೊಡ್ಡ ಹೆಸರಿನ ಸ್ಪೀಕರ್ ತರುವ ಮುಂಚೆ ಮಂದಿಯ ಮಾತನ್ನು ತೂಗುವುದು ಹೇಗೆ

ತೊಗರಿ ಮಾರಿದ ದುಡ್ಡು ಕೈಗೆ ಬರುವ ಫೆಬ್ರುವರಿಯಲ್ಲಿ ಚಿಂಚೋಳಿ ಕಡೆಯ ಹುಡುಗನೊಬ್ಬ ಕಲಬುರಗಿಯ ನನ್ನ ರಿಪೇರಿ ಅಂಗಡಿಗೆ ಬಂದ. ಸ್ಪೀಕರಿಗೆಂದೇ ಎರಡು ಲಕ್ಷ ಬದಿಗಿಟ್ಟಿದ್ದ. ಕೈಯಲ್ಲೊಂದು ನೋಟ್‌ಬುಕ್ಕು. ಎಡಗಡೆ ಕಂಪನಿಗಳ ಹೆಸರು, ಬಲಗಡೆ ಆ ಕಂಪನಿಯ ಬಗ್ಗೆ ಮಂದಿ ಹೇಳಿದ್ದು. ಒಂದೇ ಹೆಸರಿನ ಎದುರು ಒಬ್ಬರು ‘ತಿಳಿ ನೀರಿನಂಥ ದನಿ’ ಎಂದಿದ್ದರೆ, ಕೆಳಗೇ ಇನ್ನೊಬ್ಬರು ‘ಅರ್ಧ ತಾಸಿಗೆ ಕಿವಿ ನೋಯ್ತದ’ ಎಂದಿದ್ದರು.

“ಕಾಕಾ, ಇದರಾಗ ಯಾರು ಸುಳ್ಳು ಹೇಳ್ಲತ್ತಾರ?” ಅಂದ.

“ಯಾರೂ ಇಲ್ಲೋ ತಮ್ಮಾ. ಅವರವರ ಮನಿ ಸುದ್ದಿ ಅವರವರು ಹೇಳ್ಯಾರ” ಅಂದೆ.

ಅವನಿಗೆ ಮೂರು ದಿನ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಮೊದಲು ಮೈಕ್‌ಸೆಟ್ ಹಾಕುತ್ತಿದ್ದವನು. ಮದುವೆ, ಶರಣಬಸವೇಶ್ವರ ಜಾತ್ರೆ, ಉರುಸು, ಶ್ರಾವಣದ ಪುರಾಣ ಎಲ್ಲಕ್ಕೂ ಹೋಗಿದ್ದೇನೆ. ಆಮೇಲೆ ಆಂಪ್ಲಿಫೈಯರ್, ಸ್ಪೀಕರ್ ರಿಪೇರಿಗೆ ಕೂತೆ. ತುಟ್ಟಿ ಸಾಮಾನು ಕೊಂಡು ಬೇಜಾರಾಗಿ ಬಂದವರನ್ನೂ, ಸೋವಿ ಸಾಮಾನಿನಲ್ಲಿ ಸುಖವಾಗಿರುವವರನ್ನೂ ಹತ್ತಿರದಿಂದ ನೋಡಿದ್ದೇನೆ.

ಮೊದಲು ಮನೆ ಕೇಳಿ, ಆಮೇಲೆ ಕಂಪನಿ

ಯಾರಾದರೂ ‘ಆ ಕಂಪನಿ ಭಾಳ ಚಲೋ’ ಅಥವಾ ‘ಅದು ಬರೀ ಹೆಸರು’ ಅಂದಾಗ ಐದು ಮಾತು ಕೇಳಿ. ಎಂಥ ಕೋಣೆ? ಎಷ್ಟು ದೂರ ಕೂತು ಕೇಳಿದಿರಿ? ಎಷ್ಟು ಜೋರು? ಯಾವ ಹಾಡು? ಯಾವ ವರ್ಷದ ಮಾಡೆಲ್? ಉತ್ತರ ಬರದಿದ್ದರೆ ಆ ಅಭಿಪ್ರಾಯವನ್ನು ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿ. ಹೇಳಿದವರು ಎಷ್ಟೇ ತಿಳಿದವರಿರಲಿ, ನಿಮ್ಮ ಉಪಯೋಗಕ್ಕೆ ಬರುವ ವಿಷಯ ಅದರಲ್ಲಿ ಉಳಿದಿಲ್ಲ.

ಇದನ್ನು ನನಗೆ ಕಲಿಸಿದ್ದು ಇದೇ ಊರಿನ ಇಬ್ಬರು ಗಿರಾಕಿಗಳು. ಒಬ್ಬರು ವಕೀಲರು, ಇನ್ನೊಬ್ಬರು ಡಾಕ್ಟರು. ಇಬ್ಬರ ಹತ್ತಿರವೂ ಇಂಗ್ಲೆಂಡಿನ ಒಂದೇ ಕಂಪನಿಯ ಒಂದೇ ಮಾಡೆಲ್. ವಕೀಲರಿಗೆ ಅದರ ದನಿ ಚೂಪು, ಹೆಂಗಸರ ಹಾಡು ಬಂದರೆ ಚುಚ್ಚುತ್ತದೆ. ಡಾಕ್ಟರಿಗೆ ಅದೇ ದನಿ ಬೆಣ್ಣೆ. ಇಬ್ಬರೂ ನನ್ನ ಅಂಗಡಿಯಲ್ಲೇ ಮಾತಿಗೆ ಮಾತು ಬೆಳೆಸಿದ್ದರು. ಒಂದು ಭಾನುವಾರ ವಕೀಲರ ಸ್ಪೀಕರನ್ನು ಆಟೋದಲ್ಲಿ ಹಾಕಿಕೊಂಡು ಡಾಕ್ಟರ ಮನೆಗೆ ಒಯ್ದೆ. ಅಲ್ಲಿ ಎರಡು ಗೋಡೆ ತುಂಬ ಪುಸ್ತಕ, ನೆಲಕ್ಕೆ ದಪ್ಪ ಜಮಖಾನ, ಮೂಲೆಯಲ್ಲಿ ಹತ್ತಿಯ ಗಾದಿ. ವಕೀಲರು ತಮ್ಮದೇ ಸ್ಪೀಕರಿನಲ್ಲಿ ತಮ್ಮದೇ ಹಾಡು ಕೇಳಿದರು. ಹತ್ತು ನಿಮಿಷ ಮಾತಾಡಲಿಲ್ಲ. ಆಮೇಲೆ, “ನಮ್ಮ ಮನಿ ಫರಸಿ ತೆಗೀಬೇಕೇನ್ರಿ?” ಎಂದು ಕೇಳಿದರು.

ಫರಸಿ ತೆಗೆಯಬೇಕಿಲ್ಲ. ಆದರೆ ನಮ್ಮ ಭಾಗದ ಮನೆಗಳ ಕತೆ ಅಲ್ಲೇ ಇದೆ. ಶಹಾಬಾದ್ ಕಲ್ಲಿನ ನೆಲ, ಗಿಲಾವು ಮಾಡಿದ ಬೋಳು ಗೋಡೆ, ಮೇಲೆ ಸ್ಲ್ಯಾಬು. ಕಲ್ಲು ದನಿಯನ್ನು ನುಂಗುವುದಿಲ್ಲ, ಬಂದಷ್ಟನ್ನೂ ವಾಪಸು ಎಸೆಯುತ್ತದೆ. ಜಮಖಾನ ಹಾಸಿದ, ಪರದೆ ಇಳಿಬಿಟ್ಟ ಲಂಡನ್ನಿನ ಕೋಣೆಯಲ್ಲಿ ಕೂತು ಒಬ್ಬ ಬರೆದ ಮಾತು, ಫರಸಿ ಹಾಕಿದ ನಮ್ಮ ಹಾಲಿಗೆ ಹಾಗೇ ಒಪ್ಪುವುದಿಲ್ಲ.

ಹೆಸರಿನ ಹಿಂದೆ ಯಾವ ಕೆಲಸ ಇತ್ತು

ಜಗಳಕ್ಕೆ ಇನ್ನೊಂದು ಕಾರಣವಿದೆ. ಈ ದೊಡ್ಡ ಕಂಪನಿಗಳೆಲ್ಲ ಒಂದೇ ಕೆಲಸ ಮಾಡಲು ಹೊರಟವಲ್ಲ. ಹುಡುಗನಿಗೆ ನಾನು ಹೆಚ್ಚು ಹೊತ್ತು ಹೇಳಿದ್ದು ಇದನ್ನೇ.

1970ರ ದಶಕದಲ್ಲಿ ಬಿಬಿಸಿಯವರು ಎಲ್‌ಎಸ್3/5ಎ ಎಂಬ ಸಣ್ಣ ಸ್ಪೀಕರ್ ಮಾಡಿಸಿದರು. ಹೊರಗಡೆ ಹೋಗಿ ಪ್ರಸಾರ ಮಾಡುವ ವ್ಯಾನಿನೊಳಗೆ ಇಟ್ಟುಕೊಂಡು, ಮಾತು ಸರಿಯಾಗಿ ಹೋಗುತ್ತಿದೆಯೇ ಎಂದು ಕೇಳಲು ಬೇಕಾಗಿತ್ತು ಅದು. ಒಳಗೆ ದನಿ ಹುಟ್ಟಿಸುವ ಯೂನಿಟ್‌ಗಳು ಕೆಇಎಫ್ ಕಂಪನಿಯವು. ರೋಜರ್ಸ್, ಸ್ಪೆಂಡರ್, ಹಾರ್ಬೆತ್ ಮುಂತಾದವರು ಪರವಾನಗಿ ಪಡೆದು ತಯಾರಿಸಿದರು. ಮನುಷ್ಯನ ದನಿ ಅದರಲ್ಲಿ ಎದುರಿಗೆ ಕೂತಂತೆ ಬರುತ್ತದೆ ಎಂದು ಪ್ರಾಣ ಬಿಡುವವರಿದ್ದಾರೆ. ‘ಹಲಗಿ ಬಾರಿಸಿದರೆ ತಗಡು ಬಾರಿಸಿದಂಗ’ ಅನ್ನುವವರೂ ಇದ್ದಾರೆ. ಎರಡೂ ಖರೇ. ವ್ಯಾನಿನ ಸಲುವಾಗಿ ಹುಟ್ಟಿದ ಸಣ್ಣ ಪೆಟ್ಟಿಗೆಯಿಂದ ಹಲಗಿಯ ಗುದ್ದು ಕೇಳುವುದು ನ್ಯಾಯವಲ್ಲ.

ಇದರ ಎದುರು ತುದಿಯಲ್ಲಿ ಕ್ಲಿಪ್ಶ್ ಇದೆ. 1946ರಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯದ ಹೋಪ್ ಎಂಬ ಊರಿನಲ್ಲಿ ಪಾಲ್ ಕ್ಲಿಪ್ಶ್ ಹಾರ್ನ್ ಸ್ಪೀಕರ್ ಮಾಡಲು ಶುರು ಮಾಡಿದ. ಅವನ ಕ್ಲಿಪ್ಶ್‌ಹಾರ್ನ್ ಕೋಣೆಯ ಮೂಲೆಯಲ್ಲಿ ಕೂರುತ್ತದೆ, ಮೂಲೆಯ ಎರಡು ಗೋಡೆಗಳನ್ನೇ ತನ್ನ ಬಾಯಿಯ ಮುಂದುವರಿಕೆ ಮಾಡಿಕೊಳ್ಳುತ್ತದೆ. ಹಾರ್ನಿನ ಬಲ ನನಗೆ ಪುಸ್ತಕದಿಂದ ತಿಳಿಯಬೇಕಿರಲಿಲ್ಲ. ಜಾತ್ರೆಯಲ್ಲಿ ಬೇವಿನ ಗಿಡಕ್ಕೆ ಕಟ್ಟಿದ ಭೋಂಗಾ ಸಣ್ಣ ಆಂಪ್ಲಿಫೈಯರಿನಲ್ಲಿ ಅರ್ಧ ಮೈಲಿ ಕೂಗುತ್ತಿತ್ತು. ಅಂಕಿ ನೋಡಿ: ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಆ ಬಿಬಿಸಿ ಸ್ಪೀಕರಿನ ಜೋರು ಸುಮಾರು 83 ಡೆಸಿಬೆಲ್, ಕ್ಲಿಪ್ಶ್‌ಹಾರ್ನ್ ಕಂಪನಿಯ ಲೆಕ್ಕದಲ್ಲಿ 105. ಪ್ರತಿ 10 ಡೆಸಿಬೆಲ್‌ಗೆ ಶಕ್ತಿ ಹತ್ತು ಪಟ್ಟು ಬೇಕು. ಹಾರ್ನಿಗೆ ಒಂದು ವ್ಯಾಟಿನಲ್ಲಿ ಆಗುವ ಕೆಲಸಕ್ಕೆ ಬಿಬಿಸಿ ಸ್ಪೀಕರಿಗೆ ನೂರಕ್ಕೂ ಹೆಚ್ಚು ವ್ಯಾಟ್ ಬೇಕಾಗುತ್ತದೆ. ಅಷ್ಟನ್ನು ಆ ಸಣ್ಣ ಪೆಟ್ಟಿಗೆ ತಡೆಯುವುದೂ ಇಲ್ಲ. ಹಾಗಾಗಿ ಹಾರ್ನ್ ಪ್ರಿಯರು ‘ಜೀವಂತಿಕೆ’ ಎಂದು ಹೇಳುವ ಗುಣ ಭ್ರಮೆಯಲ್ಲ. ಹತ್ತು ಫೂಟಿನ ಕೋಣೆಯಲ್ಲಿ ಅದೇ ಗುಣ ಮುಖಕ್ಕೆ ಹೊಡೆದಂತೆ ಅನಿಸುವುದೂ ಭ್ರಮೆಯಲ್ಲ.

ಬೋಸ್ ಬಗ್ಗೆ ಇರುವಷ್ಟು ಒಡಕು ಮಾತು ಬೇರೆ ಯಾವ ಹೆಸರಿನ ಬಗ್ಗೆಯೂ ನಾನು ಕೇಳಿಲ್ಲ. ಬಂಗಾಳಿ ತಂದೆಯ ಮಗ ಅಮರ್ ಬೋಸ್ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದವರು, 1964ರಲ್ಲಿ ಕಂಪನಿ ಕಟ್ಟಿದರು. 1968ರಲ್ಲಿ ಬಂದ 901 ಸ್ಪೀಕರಿನಲ್ಲಿ ಅದುರಿ ದನಿ ಹೊರಡಿಸುವ ಕೋನ್ ಒಂಬತ್ತು. ಒಂದು ಕೇಳುವವರ ಕಡೆ, ಎಂಟು ಹಿಂದಿನ ಗೋಡೆಯ ಕಡೆ. ಸಭಾಂಗಣದಲ್ಲಿ ದನಿ ಹೆಚ್ಚಾಗಿ ಗೋಡೆಗಳಿಂದಲೇ ತಿರುಗಿ ಬರುತ್ತದೆ, ಮನೆಯಲ್ಲೂ ಹಾಗೇ ಬರಲಿ ಎಂಬುದು ಅವರ ವಿಚಾರ. ಹಿಂದೆ ಗಟ್ಟಿ ಗೋಡೆ, ಸರಿಯಾದ ಅಂತರ ಇದ್ದವರಿಗೆ ಕೋಣೆಯೇ ದೊಡ್ಡದಾದಂತೆ ಕೇಳಿಸಿತು. ಹಿಂದೆ ಕಿಟಕಿ ತೆರೆದಿದ್ದವರಿಗೆ ಅರ್ಧ ದನಿ ಅಂಗಳಕ್ಕೆ ಹೋಯಿತು. ಸ್ಪೀಕರಿಗೆ ಗೋಡೆಯೂ ಒಂದು ಬಿಡಿಭಾಗವಾಗಿದ್ದಾಗ ಗೋಡೆ ಕೇಳದೆ ತೀರ್ಪು ಕೊಡುವುದು ಹೇಗೆ?

‘ಸ್ಟುಡಿಯೋದಾಗ ಇದೇ ಬಳಸ್ತಾರ’ ಎಂಬ ಮಾತಿಗೂ ಜಾಗ್ರತೆ ಇರಲಿ. 1966ರಲ್ಲಿ ಇಂಗ್ಲೆಂಡಿನ ವರ್ದಿಂಗ್‌ನಲ್ಲಿ ಶುರುವಾದ ಬೌವರ್ಸ್ ಅಂಡ್ ವಿಲ್ಕಿನ್ಸ್ ಕಂಪನಿಯ 801 ಸ್ಪೀಕರನ್ನು ಲಂಡನ್ನಿನ ಆಬಿ ರೋಡ್ ಸ್ಟುಡಿಯೋ ಬಳಸಿತು, ಅದು ನಿಜವಾದ ಗೌರವ. ಆದರೆ ಯಮಾಹಾದ ಎನ್‌ಎಸ್-10 ಕತೆ ನೋಡಿ. 1978ರಲ್ಲಿ ಮನೆಗೆಂದು ಬಂತು, ಮನೆಯವರು ಮೆಚ್ಚಲಿಲ್ಲ. ಬಿಳಿ ಕೋನಿನ ಅದೇ ಸ್ಪೀಕರ್ ಆಮೇಲೆ ಜಗತ್ತಿನ ಸ್ಟುಡಿಯೋಗಳಲ್ಲೆಲ್ಲ ಕೂತಿತು. ರೆಕಾರ್ಡಿಂಗಿನ ತಪ್ಪನ್ನು ಅದು ಮುಚ್ಚಿಡುತ್ತಿರಲಿಲ್ಲ, ಅದೇ ಕಾರಣ. ತಪ್ಪು ಹುಡುಕುವವನಿಗೆ ಬೇಕಾದದ್ದು ರಾತ್ರಿ ಊಟ ಮಾಡಿ ಹಾಡು ಕೇಳುವವನಿಗೆ ಬೇಕಾಗಿಲ್ಲ.

ಆಂಪ್ಲಿಫೈಯರ್ ಕಂಪನಿಗಳ ಬಗ್ಗೆ ಕಡಿಮೆ ಹೇಳುತ್ತೇನೆ. 1949ರಿಂದ ನಡೆದುಬಂದ ಅಮೆರಿಕದ ಮ್ಯಾಕಿಂಟಾಶ್‌ನ ನೀಲಿ ಮೀಟರ್ ನೋಡಿದರೆ ನನಗೂ ಖುಷಿಯಾಗುತ್ತದೆ. ಚಲೋ ಕಟ್ಟಿದ ಯಂತ್ರ ಮುಟ್ಟುವುದೇ ಒಂದು ಸುಖ. ಆದರೂ ಎರಡು ಸರಿಯಾದ ಆಂಪ್ಲಿಫೈಯರುಗಳ ನಡುವಿನ ಅಂತರಕ್ಕಿಂತ ಎರಡು ಸ್ಪೀಕರುಗಳ ಅಂತರ ಎಷ್ಟೋ ಪಟ್ಟು ದೊಡ್ಡದು. ದುಡ್ಡು ಮೊದಲು ಸ್ಪೀಕರಿಗೆ ಮತ್ತು ಕೋಣೆಗೆ ಹೋಗಲಿ. ತಂತಿಗೆ ಸಾವಿರಾರು ರೂಪಾಯಿ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ನಾಲ್ಕೈದು ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರಿನ ಶುದ್ಧ ತಾಮ್ರದ ತಂತಿ ಸಾಕು.

ಅಭಿಪ್ರಾಯಕ್ಕೆ ತಾರೀಖೂ ಇರುತ್ತದೆ. ಕೆಇಎಫ್ 1992ರಿಂದ ಹಾಂಗ್‌ಕಾಂಗ್ ಮೂಲದ ಗುಂಪಿನ ಕೈಯಲ್ಲಿದೆ. ಜೆಬಿಎಲ್ ಹೆಸರನ್ನು ಇಟ್ಟುಕೊಂಡ ಹರ್ಮನ್ ಕಂಪನಿಯನ್ನು 2017ರಲ್ಲಿ ಸ್ಯಾಮ್‌ಸಂಗ್ ಕೊಂಡಿತು. ಮಾಲೀಕ ಬದಲಾದರೆ ಸಾಮಾನು ಕೆಡುತ್ತದೆ ಎಂದಲ್ಲ. ನಿಮ್ಮ ಸೋದರಮಾವ ನಲವತ್ತು ವರ್ಷದ ಹಿಂದೆ ಕೇಳಿದ ಹೆಸರು ಮತ್ತು ಇವತ್ತು ಡಬ್ಬಿಯ ಮೇಲಿರುವ ಹೆಸರು ಒಂದೇ ಎಂದು ಹಿಡಿಯಬೇಡಿ, ಅಷ್ಟೇ.

ಕೋಣೆ ಸಿದ್ಧ ಮಾಡುವುದು

ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ಹೊಡೆಯಿರಿ. ‘ಟ್ರ್‌ರ್’ ಎಂದು ಬಾಲ ಬಂದರೆ ಎರಡು ಬೋಳು ಗೋಡೆ ಎದುರುಬದುರು ಇವೆ ಎಂದರ್ಥ. ನೆಲಕ್ಕೆ ಜಮಖಾನ ಹಾಸಿ. ಅಜ್ಜಿ ಹೊಲಿದ ಕೌದಿ ಪೆಟ್ಟಿಗೆಯಲ್ಲಿದ್ದರೆ ತೆಗೆದು, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗುಹಾಕಿ. ಪದರ ಪದರ ಹಳೇ ಬಟ್ಟೆಯ ಕೌದಿ ಮೇಲಿನ ಸ್ವರಗಳ ಚುಚ್ಚುವಿಕೆಯನ್ನು ಚಲೋ ತಗ್ಗಿಸುತ್ತದೆ. ವಕೀಲರ ಮನೆಯಲ್ಲಿ ನಾವು ಮಾಡಿದ್ದು ಅಷ್ಟೇ: ಎರಡು ಕೌದಿ, ಒಂದು ಜಮಖಾನ. ಅವರು ಮಾರಬೇಕೆಂದಿದ್ದ ಸ್ಪೀಕರ್ ಇನ್ನೂ ಅಲ್ಲೇ ಇದೆ.

ಬೇಸ್, ಅಂದರೆ ಕೆಳಗಿನ ದಪ್ಪ ಸ್ವರ, ಮಾತ್ರ ಕೌದಿಗೆ ಬಗ್ಗುವುದಿಲ್ಲ. ನಮ್ಮ ಕಡೆ ಹತ್ತು ಫೂಟು ಉದ್ದ, ಹತ್ತು ಫೂಟು ಅಗಲ, ಎತ್ತರವೂ ಹತ್ತು ಫೂಟು ಇರುವ ಕೋಣೆಗಳು ಭಾಳ. ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅದನ್ನು ಹತ್ತು ಫೂಟಿನ ಎರಡು ಪಟ್ಟಿನಿಂದ, ಅಂದರೆ ಸುಮಾರು 6.1 ಮೀಟರಿನಿಂದ ಭಾಗಿಸಿದರೆ 56 ಹರ್ಟ್ಸ್ (ಸೆಕೆಂಡಿಗೆ 56 ಸಲ ಅದುರುವ ಸ್ವರ) ಸಿಗುತ್ತದೆ. ಮೂರೂ ಅಳತೆ ಒಂದೇ ಆದಾಗ ಮೂರೂ ದಿಕ್ಕಿನಿಂದ ಅದೇ ಸ್ವರ ಉಬ್ಬಿ, ‘ಗುಂಯ್’ ಎಂದು ಕೋಣೆಯೇ ಹಾಡುತ್ತದೆ. ಅಂಥಲ್ಲಿ ಯಾವ ಕಂಪನಿಯ ದೊಡ್ಡ ವೂಫರ್ (ಬೇಸಿನ ಕೋನ್) ತಂದಿಟ್ಟರೂ ಕೆಟ್ಟ ಹೆಸರು ಕಂಪನಿಗೇ. ಸ್ಪೀಕರನ್ನು ಮೂಲೆಯಿಂದ ಎರಡು ಫೂಟು ಈಚೆ ತನ್ನಿ. ನಿಮ್ಮ ಕುರ್ಚಿಯನ್ನು ಹಿಂದಿನ ಗೋಡೆಗೆ ಒತ್ತಬೇಡಿ, ಸರಿಯಾಗಿ ನಡುವೆಯೂ ಇಡಬೇಡಿ. ಗೇಣು ಗೇಣು ಸರಿಸಿ ಕೇಳಿ. ಉದ್ದಗಲ ಬೇರೆಬೇರೆ ಇರುವ ಕೋಣೆ ಮನೆಯಲ್ಲಿದ್ದರೆ ಅದನ್ನೇ ಆರಿಸಿ.

ದನಿ ಸಮ ಮಾಡಿ, ಹೆಸರು ಮುಚ್ಚಿ

ಅಂಗಡಿಯಲ್ಲಿ ಎರಡು ಸ್ಪೀಕರ್ ಹಚ್ಚಿ ತೋರಿಸುವಾಗ ಒಂದು ಚೂರು ಜೋರಿದ್ದದ್ದೇ ಗೆಲ್ಲುತ್ತದೆ. ಒಂದು ಡೆಸಿಬೆಲ್ ಹೆಚ್ಚಾದರೆ ಕಿವಿಗೆ ‘ಜೋರು’ ಎಂದು ತಿಳಿಯುವುದಿಲ್ಲ, ‘ಚಲೋ’ ಎಂದು ತಿಳಿಯುತ್ತದೆ. ಅದಕ್ಕೂ ಮಿಗಿಲಾಗಿ, ಸಣ್ಣ ದನಿಯಲ್ಲಿ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳಿಸುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ಸಮ ಮಾಡದೆ ಮಾಡಿದ ಹೋಲಿಕೆ ಲೆಕ್ಕಕ್ಕೆ ಬರುವುದಿಲ್ಲ.

ಸ್ಪೀಕರಿಗಾದರೆ ಪಿಂಕ್ ನಾಯ್ಸ್ ಎಂಬ ‘ಶ್’ ಸದ್ದನ್ನು ಹಚ್ಚಿ, ಮೊಬೈಲಿನ ಡೆಸಿಬೆಲ್ ಆಪ್ ಅನ್ನು ಕೂರುವ ಜಾಗದಲ್ಲೇ ಅಲ್ಲಾಡದಂತೆ ಇಟ್ಟು ಎರಡೂ ಅರ್ಧ ಡೆಸಿಬೆಲ್ ಒಳಗೆ ಬರುವಂತೆ ಮಾಡಿ. ವಾಲ್ಯೂಮ್ ಗುಂಡಿಯ ಮೇಲೆ ಎರಡು ಕಡೆ ಟೇಪಿನ ಗುರುತು ಹಾಕಿದರೆ ಸಾಕು. ಆಂಪ್ಲಿಫೈಯರಿಗಾದರೆ ಇನ್ನೂ ಬರೋಬರಿ ಬೇಕು. 200 ಹರ್ಟ್ಸಿನ ಸ್ವರ ಹಚ್ಚಿ, ಸ್ಪೀಕರ್ ಕಟ್ಟುವ ಜಾಗದಲ್ಲಿ ಮಲ್ಟಿಮೀಟರಿನ ಎಸಿ ವೋಲ್ಟ್ ನೋಡಿ. ಒಂದು 2.00 ತೋರಿಸಿದರೆ ಇನ್ನೊಂದು 2.02 ದಾಟಬಾರದು.

ಇನ್ನು ಮುಚ್ಚುವ ಕೆಲಸ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ದನಿಯ ಸಂಶೋಧಕರು ಹರ್ಮನ್ ಕಂಪನಿಯ 40 ನೌಕರರಿಗೆ ನಾಲ್ಕು ಸ್ಪೀಕರ್ ಕೇಳಿಸಿದರು, ಒಮ್ಮೆ ಕಣ್ಣಿಗೆ ಕಾಣುವಂತೆ, ಒಮ್ಮೆ ಪರದೆಯ ಹಿಂದಿಟ್ಟು. ಕಂಡಾಗ ದೊಡ್ಡ, ಚಂದದ ಸ್ಪೀಕರುಗಳಿಗೆ ಹೆಚ್ಚು ಅಂಕ ಬಿತ್ತು. ಪರದೆ ಬಿದ್ದ ಮೇಲೆ ಅಂಕಗಳು ಬೇರೆಯಾದವು. ದನಿಯದೇ ದಂಧೆಯಲ್ಲಿರುವ ಮಂದಿ ಅವರು. ನನ್ನ ಕಿವಿಯ ಮೇಲೂ ನೀಲಿ ಮೀಟರಿನ ಬೆಳಕು ಕೆಲಸ ಮಾಡುತ್ತದೆ ಎಂದು ನಾನು ಒಪ್ಪಿಕೊಂಡಿದ್ದೇನೆ.

ಮನೆಯಲ್ಲಿ ಹೀಗೆ ಮಾಡಿ. ಎರಡು ಕಂಪನಿಯ ಒಂದೊಂದೇ ಸ್ಪೀಕರನ್ನು ಪಕ್ಕಪಕ್ಕ, ಒಂದೇ ಎತ್ತರದಲ್ಲಿಡಿ. ಜೋಡಿ ಬೇಡ. ಒಂದೇ ಸ್ಪೀಕರಿನಲ್ಲಿ ಕೇಳಿದಾಗ ಗುಣದೋಷ ಹೆಚ್ಚು ಸ್ಪಷ್ಟ. ಮುಂದೆ ತೆಳ್ಳನೆಯ ವಾಯಿಲ್ ಸೀರೆ ಕಟ್ಟಿ, ದಪ್ಪ ಪರದೆ ಮೇಲಿನ ಸ್ವರ ತಿಂದುಬಿಡುತ್ತದೆ. ಬದಲಾಯಿಸುವವರು ಬೇರೆ ಇರಲಿ, ಅವರು ಮಾತಾಡಬಾರದು. ಕೇಳುವವರು ಬರೆದುಕೊಳ್ಳಲಿ, ಒಬ್ಬರ ಕಾಗದ ಇನ್ನೊಬ್ಬರು ನೋಡಬಾರದು. ಎರಡು ಆಂಪ್ಲಿಫೈಯರುಗಳ ವ್ಯತ್ಯಾಸ ತಿಳಿಯುತ್ತದೆ ಎಂದು ಯಾರಾದರೂ ಹಟ ಹಿಡಿದರೆ ಹತ್ತು ಸಲ ಗುರುತಿಸಲು ಹೇಳಿ. ಸುಮ್ಮನೆ ಊಹಿಸಿದರೂ ಎಂಟು ಅಥವಾ ಹೆಚ್ಚು ಸರಿಯಾಗುವ ಸಂಭವ ನೂರಕ್ಕೆ ಐದಾರು. ಒಂಬತ್ತು ಅಥವಾ ಹೆಚ್ಚಾಗುವುದು ನೂರಕ್ಕೆ ಒಂದು. ಒಂಬತ್ತು ಬಂದರೆ ಆ ಕಿವಿಗೆ ನಾನು ಕೈ ಮುಗಿಯುತ್ತೇನೆ.

ಏನನ್ನು ಹಚ್ಚಿ ಕೇಳಬೇಕು

ಅಂಗಡಿಯವರು ಕೊಡುವ ಡೆಮೊ ಹಾಡು ಬೇಡ. ಅದನ್ನು ನೀವು ಜೀವಂತ ಕೇಳಿಲ್ಲ, ಹಾಗಾಗಿ ಅಳತೆಗೋಲು ನಿಮ್ಮ ಹತ್ತಿರವಿಲ್ಲ. ವಾರ್ಫ್‌ಡೇಲ್ ಸ್ಪೀಕರ್ ಕಂಪನಿಯ ಗಿಲ್ಬರ್ಟ್ ಬ್ರಿಗ್ಸ್ 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ, ಕ್ವಾಡ್ ಕಂಪನಿಯ ಪೀಟರ್ ವಾಕರ್ ಜೊತೆಗೂಡಿ, ವೇದಿಕೆಯ ಮೇಲೆ ವಾದ್ಯ ನುಡಿಸುವವರನ್ನೂ ಅದರ ರೆಕಾರ್ಡಿಂಗನ್ನೂ ಒಂದಾದ ಮೇಲೊಂದು ಜನರಿಗೆ ಕೇಳಿಸಿದ. ನಮಗೂ ಅದು ಸಾಧ್ಯ, ಸಣ್ಣದಾಗಿ. ಮನೆಯವರೊಬ್ಬರ ಮಾತನ್ನು ಹೊಲದ ಬಯಲಿನಲ್ಲಿ, ಗೋಡೆಗಳಿಲ್ಲದ ಕಡೆ, ಚಲೋ ರೆಕಾರ್ಡರಿನಲ್ಲಿ ಹಿಡಿಯಿರಿ. ಆಮೇಲೆ ಸ್ಪೀಕರಿನ ಪಕ್ಕ ಅವರನ್ನೇ ನಿಲ್ಲಿಸಿ ಮಾತಾಡಿಸಿ, ಅದನ್ನೂ ಹಚ್ಚಿ.

ಅದರ ಜೊತೆಗೆ ನಿಮ್ಮೂರಿನ ತತ್ವಪದದ ಭಜನೆ ಇರಲಿ. ದಮ್ಮಡಿಯ ಗೆಜ್ಜೆ ಬಿಡಿಬಿಡಿಯಾಗಿ ಕೇಳಬೇಕು, ಮರಳು ಚೆಲ್ಲಿದಂತೆ ಕೇಳಬಾರದು. ಏಕತಾರಿಯ ತಂತಿ ಮೀಟಿದ ಮೇಲಿನ ಗುಂಗು ಹಾಡುವವರ ದನಿಯ ಕೆಳಗೆ ಉಳಿಯಬೇಕು. ತಬಲಾದ ಡಗ್ಗಾ ಒತ್ತಿದಾಗ ಸ್ವರ ಜಾರುವುದು ತಿಳಿಯಬೇಕು. ಒಂದೇ ‘ಢಂ’ ಆದರೆ ಅದು ಕೋಣೆ ಅಥವಾ ಪೆಟ್ಟಿಗೆಯ ದನಿ. ಹಳೆಯ 78ರ ಗ್ರಾಮಫೋನ್ ಪ್ಲೇಟಿನಿಂದ ತೆಗೆದ ಗಾಯನ ನನಗೆ ಜೀವ. ಆದರೆ ಮೇಲಿನ ಸ್ವರ ನುಡಿಸುವ ಟ್ವೀಟರ್ ಪರೀಕ್ಷೆಗೆ ಅದು ಬೇಡ, ಮೇಲಿನ ಸ್ವರಗಳೇ ಅದರಲ್ಲಿ ಇಲ್ಲ.

ನಮ್ಮ ಬಿಸಿಲು, ನಮ್ಮ ಕರೆಂಟು

ಹೊರದೇಶದ ಯಾವ ಅಭಿಪ್ರಾಯದಲ್ಲೂ ಇರದ ವಿಷಯ ಇದು. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಕ್ಲಾಸ್ ಎ ಆಂಪ್ಲಿಫೈಯರ್ ಸುಮ್ಮನಿದ್ದಾಗಲೂ ಪೂರ್ತಿ ಕರೆಂಟು ಎಳೆದು ಒಲೆಯಂತೆ ಕಾಯುತ್ತದೆ. ಚಳಿ ನಾಡಿನವರು ಅದನ್ನು ಹೊಗಳಲಿ, ನಮ್ಮಲ್ಲಿ ಗಾಳಿಯಾಡುವ ಜಾಗವಿಲ್ಲದೆ ಅದನ್ನು ಇಡಬೇಡಿ. ಕ್ವಾಡ್ 1957ರಲ್ಲಿ ತಂದ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರಿನಲ್ಲಿ ಕೋನ್ ಬದಲು ತೆಳು ಹಾಳೆ, ಅದಕ್ಕೆ ಸಾವಿರಾರು ವೋಲ್ಟು. ಮನುಷ್ಯನ ದನಿಗೆ ಅದರಷ್ಟು ತಿಳಿಯಾದದ್ದು ಅಪರೂಪ ಎಂದು ಕೇಳಿದವರು ಹೇಳುವುದನ್ನು ನಾನು ನಂಬುತ್ತೇನೆ. ಆದರೆ ಆ ವೋಲ್ಟು ಧೂಳನ್ನೂ ಎಳೆಯುತ್ತದೆ, ನಮ್ಮಲ್ಲಿ ಧೂಳಿಗೆ ಬರವಿಲ್ಲ.

ಸೆಕೆಂಡ್‌ಹ್ಯಾಂಡ್ ದೊಡ್ಡ ಹೆಸರು ಸೋವಿಗೆ ಸಿಕ್ಕರೆ ಮುಂದಿನ ಜಾಳಿಗೆ ತೆಗೆಸಿ, ಕೋನಿನ ಸುತ್ತಲಿನ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಫೋಮ್ ಆಗಿದ್ದರೆ ಹತ್ತಿಪ್ಪತ್ತು ವರ್ಷದಲ್ಲಿ ಹಪ್ಪಳದಂತೆ ಪುಡಿಯಾಗುತ್ತದೆ, ಸೆಕೆಗೆ ಇನ್ನೂ ಬೇಗ. ರಬ್ಬರ್ ಅಂಚು ಹೆಚ್ಚು ಬಾಳುತ್ತದೆ. ನಾನೇ ಒಮ್ಮೆ ಹೆಸರು ನೋಡಿ, ಜಾಳಿಗೆ ತೆಗೆಯದೆ ಒಂದು ಜೋಡಿ ತಂದೆ. ಮನೆಗೆ ಬಂದು ಹಚ್ಚಿದರೆ ಎರಡೂ ವೂಫರಿನ ಅಂಚು ಉದುರಿತ್ತು. ಅಂಚು ಬದಲಿಸಬಹುದು, ಆದರೆ ಆ ಖರ್ಚನ್ನು ಬೆಲೆಯೊಳಗೇ ಹಿಡಿಯಬೇಕು. ಹೊಸದಾದರೆ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಮೊದಲೇ ಕೇಳಿ. ಹೈದರಾಬಾದಿನಲ್ಲಿ ಸಿಕ್ಕರೆ ಒಂದು ದಿನದ ಕೆಲಸ, ವಿದೇಶದಿಂದಲೇ ಬರಬೇಕಾದರೆ ತಿಂಗಳುಗಟ್ಟಲೆ ಹಾಡಿಲ್ಲದ ಮನೆ. ವೋಲ್ಟೇಜ್ ಏರಿಳಿಯುವ ಓಣಿಯಾದರೆ ಸ್ಟೆಬಿಲೈಸರಿಗೂ ದುಡ್ಡು ತೆಗೆದಿಡಿ.

ಚಿಂಚೋಳಿಯ ಹುಡುಗ ಮಾರ್ಚಿನಲ್ಲಿ ಎರಡು ಸ್ಪೀಕರುಗಳನ್ನು ಪರಿಚಯದವರಿಂದ ವಾರದ ಮಟ್ಟಿಗೆ ತಂದುಕೊಂಡ. ಪಡಸಾಲೆಯಲ್ಲಿ ಸೀರೆ ಕಟ್ಟಿದೆವು. ಅವನ ತಾಯಿ, ತಂಗಿ, ಭಜನಾ ಮೇಳದ ಇಬ್ಬರು ಹಿರಿಯರು ಕಾಗದ ಹಿಡಿದು ಕೂತರು. ನಾಲ್ವರಲ್ಲಿ ಮೂವರು ಸಣ್ಣದನ್ನೇ ಆರಿಸಿದರು. ಉಳಿದೊಬ್ಬರ ಹಾಗೆ ಅವನೂ ದೊಡ್ಡದನ್ನು ಬರೆದಿದ್ದ, ಸೀರೆ ಸರಿಸಿದ ಮೇಲೂ ಅದನ್ನು ಅಳಿಸಲಿಲ್ಲ. ಅಷ್ಟೊತ್ತಿಗೆ ಕೂಲರ್ ಶುರುವಾಗಿತ್ತು, ಅದರ ಬರ್ರೆನ್ನುವ ಸದ್ದಿನಲ್ಲಿ ಏಕತಾರಿಯ ಗುಂಗು ಯಾರಿಗೂ ಸರಿಯಾಗಿ ಕೇಳಿರಲಿಲ್ಲ. ದುಡ್ಡು ಹಾಗೇ ಇಟ್ಟಿರು, ಮಳೆ ಹಿಡಿದು ಕೂಲರ್ ನಿಂತ ಮೇಲೆ ಮತ್ತೊಮ್ಮೆ ಸೀರೆ ಕಟ್ಟೋಣ ಎಂದು ಹೇಳಿ ಬಂದಿದ್ದೇನೆ.